ಎರಡನೇ ನಂಬರ್ ಪ್ರೆಸ್ಸಿನ ಮುಂದಿನ ಪ್ರಾರ್ಥನೆ

ಪೀಣ್ಯದ ಒಂದು ಶೆಡ್ಡಿನಲ್ಲಿ, ಒಂದು ಪ್ರೆಸ್ ಯಂತ್ರದ ಮುಂದೆ ಕಬ್ಬಿಣದ ಜಾಲರಿ ಕೂರಿಸಲು ನಾನು ತೆತ್ತ ಬೆಲೆ ಒಂದು ಸ್ಕೂಟರು. ಆ ಸ್ಕೂಟರನ್ನು ನಾನು ಒಂದು ದಿನವೂ ಓಡಿಸಲಿಲ್ಲ. ಎಪ್ಪತ್ತರ ದಶಕದಲ್ಲಿ ಸ್ಕೂಟರು ಬೇಕೆಂದರೆ ಮುಂಗಡ ಕಟ್ಟಿ, ಹೆಸರು ಬರೆಸಿ, ವರ್ಷಗಟ್ಟಲೆ ಕಾಯಬೇಕಿತ್ತು. ಮದುವೆಯ ಹೊಸತರಲ್ಲಿ ಬರೆಸಿದ ನನ್ನ ಸರದಿ, ಇಬ್ಬರು ಮಕ್ಕಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಬಂತು. ಬಂದ ಸರದಿಯನ್ನು ಪಕ್ಕದ ವೆಲ್ಡಿಂಗ್ ಶೆಡ್ಡಿನ ದಸ್ತಗೀರ್ ಸಾಬರಿಗೆ ಬಿಟ್ಟುಕೊಟ್ಟು ಜಾಲರಿ ಮಾಡಿಸಿಕೊಂಡೆ. ಯಂತ್ರ ಮಾಲೀಕರದ್ದು, ನೀನು ನೌಕರ, ನೀನ್ಯಾಕೆ ತೆರಬೇಕಿತ್ತು ಎಂದು ಕೇಳುವಿರಿ. ನಾಚಿಕೆಗೆ ತೆತ್ತೆ. ಆ ನಾಚಿಕೆ ಎಲ್ಲಿಂದ ಬಂತು ಎನ್ನುವುದನ್ನೇ ಇಲ್ಲಿ ಬರೆಯುತ್ತೇನೆ.

ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದೆಲ್ಲ ನಿಮಗೆ ಪ್ರಯೋಜನಕ್ಕೆ ಬರುವುದಿಲ್ಲ, ಬಿಡಿ. ನಾನು ಇನ್ನಾಸಪ್ಪ. ನಗರದ ಹೊರಗಿನ ಹಳ್ಳಿಯೊಂದರ ಕನ್ನಡ ಕ್ರೈಸ್ತ ಮನೆತನ. ಓದಿದ್ದು ಎಂಟನೇ ಕ್ಲಾಸು. ಶೆಡ್ಡಿನ ಬಾಗಿಲಲ್ಲಿ ನಿಂತು ಕೆಲಸ ಕೇಳಿದಾಗ ಮಾಲೀಕರಾದ ಶೆಟ್ಟರು, "ಖಾಲಿ ಇಲ್ಲ, ಹೋಗಪ್ಪ" ಅಂದರು. "ಒಂದು ವಾರ ಬಿಟ್ಟಿ ದುಡಿತೀನಿ ಸಾರ್. ಹಿಡಿಸಲಿಲ್ಲ ಅಂದ್ರೆ ಕಳಿಸಿಬಿಡಿ. ಹಿಡಿಸ್ತು ಅಂದ್ರೆ ಆ ವಾರದ್ದೂ ಸೇರಿಸಿ ಕೊಡಿ" ಅಂದೆ. ಶೆಟ್ಟರು ನಕ್ಕುಬಿಟ್ಟರು. ವಾರದ ಕೊನೆಯಲ್ಲಿ ಸೇರಿಸಿಯೇ ಕೊಟ್ಟರು. ಅಂದಿನಿಂದ ಹೆಲ್ಪರ್, ಆಮೇಲೆ ಆಪರೇಟರ್, ಕೊನೆಗೆ ಸೂಪರ್‌ವೈಸರ್. ಶೀಟು ಕೊಳ್ಳುವುದು, ಗುಜರಿ ಮಾರುವುದು, ಲಾರಿಯವನ ಜೊತೆ ಜಗಳ, ಎಲ್ಲ ನನ್ನ ಪಾಲಿಗೆ ಬಂತು. ಚೌಕಾಸಿ ಎಂದರೆ ನನಗೆ ಊಟದ ಹಾಗೆ.

ಆ ಚೌಕಾಸಿಯನ್ನು ನಾನು ಮೇಲಿರುವ ದೇವರ ಜೊತೆಗೂ ಮಾಡುತ್ತಿದ್ದೆ. ಸರ್ವೇಶ್ವರರು ಇಲ್ಲದ ಜಾಗವೇ ಇಲ್ಲ ಎಂದು ಚಿಕ್ಕಂದಿನಲ್ಲಿ ಚರ್ಚಿನ ಉಪದೇಶಿಗಳು ಬೆಂಚಿನ ಮೇಲೆ ಕೂರಿಸಿ ಹೇಳಿಕೊಟ್ಟಿದ್ದರು. ಕೆಲವರಿಗೆ ಅದು ಭಯ, ಕೆಲವರಿಗೆ ಸಮಾಧಾನ. ನನಗದು ಅನುಕೂಲ. ಎಲ್ಲೆಲ್ಲೂ ಇರುವವರ ಜೊತೆ ಎಲ್ಲಿ ನಿಂತಾದರೂ ವ್ಯವಹಾರ ಕುದುರಿಸಬಹುದಲ್ಲ! ಹೊಸ ಡೈ, ಅಂದರೆ ತಗಡು ಒತ್ತುವ ಅಚ್ಚು, ಕೂರಿಸಿ ಮೊದಲ ಪೆಟ್ಟು ಹಾಕುವಾಗ, "ಸ್ವಾಮಿ, ಇದು ಬಿರುಕು ಬಿಡದಿದ್ದರೆ ಇವತ್ತು ಒಂದು ಜಪಮಾಲೆ" ಎನ್ನುತ್ತಿದ್ದೆ. ಬಿರುಕು ಬಿಡಲಿಲ್ಲವೆಂದರೆ ಮನೆಗೆ ಹೋಗಿ ಜಪಮಾಲೆ ಹಿಡಿಯುತ್ತಿದ್ದೆ, ಅರ್ಧಕ್ಕೆ ನಿದ್ದೆ ಹೋಗುತ್ತಿದ್ದೆ. ಒಮ್ಮೆ ಎರಡು ಜಪಮಾಲೆ ಒಪ್ಪಿಕೊಂಡರೂ ಡೈ ಎರಡು ಹೋಳಾಯಿತು. ಸಿಟ್ಟಿಗೆ ಮುಂದಿನ ಭಾನುವಾರ ದೇವಾಲಯದ ಕಡೆಗೇ ಹೋಗಲಿಲ್ಲ. ಮಾಲು ಸರಿಯಿಲ್ಲದಿದ್ದರೆ ಪೇಮೆಂಟ್ ನಿಲ್ಲಿಸುತ್ತೇವಲ್ಲ, ಹಾಗೆ. ಈಗ ಬರೆಯುವಾಗ ಮುಖ ಬಿಸಿಯಾಗುತ್ತದೆ. ಆಗ ಬಿಸಿಯಾಗಲಿಲ್ಲ.

ಶೆಡ್ಡಿನಲ್ಲಿ ಪ್ರಾರ್ಥನೆ ಶುರುವಾದದ್ದು ಒಂದು ಆಯುಧಪೂಜೆಯ ದಿನ. ಯಂತ್ರಗಳಿಗೆ ಕುಂಕುಮ, ಹೂವು, ಬಾಗಿಲಲ್ಲಿ ಬೂದುಗುಂಬಳಕಾಯಿ. ನಾನು ಒಂದು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಶೆಟ್ಟರು ದೊಡ್ಡ ಮನಸ್ಸಿನವರು. "ಏನಯ್ಯ ಇನ್ನಾಸಪ್ಪ, ಹೊರಗಿನವನ ಹಾಗೆ ನಿಂತಿದ್ದೀಯ? ನಿಮ್ಮ ದೇವ್ರಿಗೂ ಒಂದು ಮಾತು ಹೇಳು, ಅವರೂ ಇರ್ಲಿ" ಅಂದರು. ನಾನು ಶಿಲುಬೆ ಗುರುತು ಹಾಕಿ, ಅಲ್ಲಿದ್ದ ಒಬ್ಬೊಬ್ಬರ ಹೆಸರನ್ನೂ ಹೇಳಿ, ಇವರ ಕೈಕಾಲು ಕಾಯಿರಿ ಎಂದು ಕೇಳಿಕೊಂಡೆ. ಹೆಂಗಸರಿಗೆ ಅದು ಬಹಳ ಹಿಡಿಸಿತು. ಲಗ್ಗೆರೆಯ ಜಯಮ್ಮ ಎಂಬ ಆಪರೇಟರ್ ಇದ್ದಳು, ಹೊಲ ಉಳುವ ಒಕ್ಕಲುಮನೆಯ ಹೆಣ್ಣುಮಗಳು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳು ಎಲ್ಲರ ಮುಂದೆ ಹೇಳಿದಳು:

"ಪೂಜಾರಪ್ಪ ಮಂತ್ರ ಏಳ್ತಾನೆ, ಅದ್ರಾಗೆ ನಮ್ ಎಸ್ರು ಬರಾಕಿಲ್ಲ. ಇನ್ನಾಸಣ್ಣ ನಮ್ ಎಸ್ರು ಇಡ್ದು ಕೇಳ್ತಾರೆ. ದಿನಾ ಏಳ್ಬಾರ್ದಾ ಅಣ್ಣ?"

ದಿನಾ ಶುರುವಾಯಿತು. ಬೆಳಿಗ್ಗೆ ಮೋಟಾರು ಹಾಕುವ ಮೊದಲು ಎಲ್ಲರೂ ನಿಲ್ಲುವುದು, ನಾನು ಹೆಸರು ಹೇಳುವುದು. ತಡವಾಗಿ ಬಂದವರ ಹೆಸರು ಆವತ್ತು ಇಲ್ಲ. ಒಂದೇ ತಿಂಗಳಲ್ಲಿ ತಡವಾಗಿ ಬರುವುದೇ ನಿಂತುಹೋಯಿತು. ಶೆಟ್ಟರಿಗೆ ಖುಷಿ. ನನಗೂ ಖುಷಿ. ಶಿಫ್ಟಿನಲ್ಲಿ ನನ್ನ ಮಾತಿಗೆ ತೂಕ ಬಂತು. ಬೈದರೂ ಜನ ಎದುರಾಡುತ್ತಿರಲಿಲ್ಲ, ನಾಳೆ ಬೆಳಿಗ್ಗೆ ಇದೇ ಬಾಯಿ ತಮ್ಮ ಹೆಸರು ಹೇಳಬೇಕಲ್ಲ.

ಈಗ ಎರಡನೇ ನಂಬರ್ ಪ್ರೆಸ್ಸಿನ ವಿಷಯಕ್ಕೆ ಬರುತ್ತೇನೆ. ಪ್ರೆಸ್ ಕಾಣದವರಿಗೆ ಎರಡು ಮಾತು. ಕೆಳಗೆ ಡೈ, ಮೇಲೆ ಪಂಚು. ತಗಡಿನ ತುಂಡನ್ನು ನಡುವೆ ಇಟ್ಟು ಕಾಲಿನಿಂದ ಪೆಡಲ್ ಒತ್ತಿದರೆ ಪಂಚು ಇಳಿದು, ಆಕಾರ ಕೊಟ್ಟು, ಮೇಲೆ ಹೋಗಿ ನಿಲ್ಲಬೇಕು. ನಿಲ್ಲಿಸುವುದು ಕ್ಲಚ್ಚು. ಎರಡನೇ ನಂಬರಿನ ಕ್ಲಚ್ಚು ಸವೆದಿತ್ತು. ಹಾಗಾಗಿ ಎಂದಾದರೊಮ್ಮೆ ಮೇಲೆ ಹೋದ ಪಂಚು ನಿಲ್ಲದೆ, ಯಾರೂ ಒತ್ತದೆ, ಇನ್ನೊಂದು ಸಲ ಇಳಿದುಬಿಡುತ್ತಿತ್ತು. ಆ ಹೊತ್ತಿಗೆ ಆಪರೇಟರನ ಕೈ ತಯಾರಾದ ತುಂಡನ್ನು ತೆಗೆಯಲು ಒಳಗೇ ಹೋಗಿರುತ್ತದೆ. ಅದಕ್ಕೇ ತುಂಡನ್ನು ಇಕ್ಕಳದಲ್ಲಿ ಇಡಬೇಕು, ಇಕ್ಕಳದಲ್ಲೇ ತೆಗೆಯಬೇಕು ಎಂಬ ನಿಯಮ. ಆದರೆ ಇಕ್ಕಳ ಹಿಡಿದರೆ ಕೆಲಸ ನಿಧಾನ, ಪೀಸಿನ ಲೆಕ್ಕದ ಕೂಲಿಯಲ್ಲಿ ನಿಧಾನ ಎಂದರೆ ಮನೆಗೆ ಕಡಿಮೆ.

ನಾನು ಶೆಟ್ಟರಿಗೆ ಹೇಳಿದೆ. "ಈ ಆರ್ಡರ್ ಮುಗೀಲಿ ಕಣಯ್ಯ, ಆಮೇಲೆ ಬಿಚ್ಚೋಣ" ಅಂದರು. ಪ್ರತಿ ಆರ್ಡರಿನ ಹಿಂದೆ ಇನ್ನೊಂದು ಆರ್ಡರ್ ಇರುತ್ತಿತ್ತು. ಲಾರಿಯವನ ಜೊತೆ ಒಂದು ಡ್ರಮ್ಮಿನ ಬಾಡಿಗೆಗೆ ಗಂಟೆಗಟ್ಟಲೆ ಎಳೆದಾಡುವ ನಾನು, ಈ ಮಾತಿಗೆ ಒಂದೇ ಸಲಕ್ಕೆ ಹೂಂ ಅಂದು ಬಂದೆ.

ಆ ಯಂತ್ರದ ಮೇಲೆ ಕೂರುತ್ತಿದ್ದವಳು ಜಯಮ್ಮ. "ಅಣ್ಣ, ಇದು ಯಾಕೋ ಕೇಳ್ದೇನೇ ಇಳೀತೈತೆ. ನಂಗೆ ಎದೆ ಡವಡವ ಅಂತೈತೆ" ಎಂದಳು. ನಾನು ಬೆಳಗಿನ ಪ್ರಾರ್ಥನೆಯನ್ನು ಎರಡನೇ ನಂಬರಿನ ಮುಂದಕ್ಕೆ ಸಾಗಿಸಿದೆ. ಅದರ ಮೇಲೆ ಕೈಯಿಟ್ಟು, ಶಿಲುಬೆ ಗುರುತು ಹಾಕಿ, "ಇನ್ನು ಭಯ ಬೇಡ ಜಯಮ್ಮ, ದೇವರು ಇಲ್ಲೇ ಇದ್ದಾರೆ" ಅಂದೆ. ಖರ್ಚಿಲ್ಲದ ರಿಪೇರಿ. ಅವಳು ನಂಬಿದಳು. ಎಷ್ಟು ನಂಬಿದಳೆಂದರೆ ಮರುದಿನದಿಂದ ಅವಳ ಇಕ್ಕಳ ಯಂತ್ರದ ಪಕ್ಕದ ಮೊಳೆಗೆ ನೇತುಬಿತ್ತು. ಬರಿಗೈಯಲ್ಲಿ ತುಂಡು ಇಟ್ಟು ಬರಿಗೈಯಲ್ಲೇ ತೆಗೆಯುತ್ತಿದ್ದಳು. ಸಂಜೆಗೆ ಅವಳ ಬುಟ್ಟಿ ಎಲ್ಲರಿಗಿಂತ ಮೊದಲು ತುಂಬುತ್ತಿತ್ತು. ನಾನು ಮೊಳೆಯನ್ನೂ ನೋಡಿದೆ, ಬುಟ್ಟಿಯನ್ನೂ ನೋಡಿದೆ. ಭೇಷ್ ಅಂದೆ.

ಒಂದು ಮಧ್ಯಾಹ್ನ, ಊಟ ಮುಗಿದು ಎಲ್ಲರೂ ಮತ್ತೆ ಕೂತಿದ್ದರು. ಆಚೆ ಯಂತ್ರದವಳು ಜಯಮ್ಮನ ಸಾರಿನ ಬಗ್ಗೆ ಏನೋ ಅಂದಳು. "ನಿಮ್ಮತ್ತೆ ಮಾಡೋ ಸಾರ್ಗಿಂತ ವಾಸಿ ಕಣೇ" ಎಂದು ಜಯಮ್ಮ ಕೈಬೀಸಿ ತಿರುಗಿದಳು. ಪಂಚು ಮೇಲೆ ಹೋಗಿತ್ತು, ನಿಲ್ಲಲಿಲ್ಲ, ಧಡ್ ಎಂದು ಮತ್ತೆ ಇಳಿಯಿತು. ಅವಳ ಕೈ ಇರಬೇಕಿದ್ದ ಜಾಗದಲ್ಲಿ ಇಳಿಯಿತು. ಮೋಟಾರು ಆರಿಸಿದರು. ಜಯಮ್ಮ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನೋಡಿದಳು, ತಿರುಗಿಸಿ ನೋಡಿದಳು. ಆಮೇಲೆ ಎದ್ದುಬಂದು ನನ್ನ ಕಾಲಿಗೆ ಬಿದ್ದಳು.

"ನಿಮ್ ಪ್ರಾರ್ಥ್ನೆ ಅಣ್ಣ. ನಿಮ್ ಪ್ರಾರ್ಥ್ನೇನೇ ಕಾಯ್ತು."

ಎಲ್ಲರೂ ಹೌದು ಹೌದು ಅಂದರು. ಏಳಮ್ಮ, ಏಳಮ್ಮ ಅಂದೆ. ಬೇರೇನೂ ಹೇಳಲಿಲ್ಲ. ಒಳಗೆ ಅರ್ಧ ಮನಸ್ಸು ನಡುಗುತ್ತಿತ್ತು. ಉಳಿದರ್ಧ ಆ ಕಾಲಿಗೆ ಬೀಳುವುದನ್ನು ಸವಿಯುತ್ತಿತ್ತು. ಎರಡೂ ನಿಜ.

ಅವತ್ತೇ ಶೆಟ್ಟರ ಹತ್ತಿರ ಹೋದೆ. ಕ್ಲಚ್ಚು ಬಿಚ್ಚಬೇಕು, ಮುಂದೆ ಜಾಲರಿಯ ಬಾಗಿಲು ಬೇಕು, ಬಾಗಿಲು ಮುಚ್ಚಿದರೆ ಮಾತ್ರ ಪಂಚು ಇಳಿಯಬೇಕು, ಕೈ ಒಳಗಿದ್ದರೆ ಇಳಿಯಲೇಬಾರದು ಎಂದೆ. ಶೆಟ್ಟರು ನನ್ನ ಭುಜದ ಮೇಲೆ ಕೈಯಿಟ್ಟರು. ಅಣಕಿಸಲು ಹೇಳಿದ್ದಲ್ಲ, ಮನಸಾರೆ ಹೇಳಿದರು:

"ಜಾಲರಿ ಯಾಕಯ್ಯ? ನೀನಿದ್ದೀಯ, ನಿನ್ನ ದೇವ್ರಿದ್ದಾರೆ. ಇವತ್ತು ಕಣ್ಣಾರೆ ನೋಡಿದ್ವಲ್ಲ. ನಿಲ್ಲಿಸಬೇಡ ಅದನ್ನ, ದಿನಾ ಮಾಡು."

ನಾನು ಮಾರಿದ ಮಾಲನ್ನೇ ನನಗೆ ವಾಪಸು ತೋರಿಸುತ್ತಿದ್ದರು. ಅದು ಸುಳ್ಳು ಮಾಲು ಅನ್ನೋಣವೆಂದರೆ ನಾಲಿಗೆ ಏಳಲಿಲ್ಲ. ನಿಜ ಅನ್ನೋಣವೆಂದರೆ ನಾಳೆ ಬೆಳಿಗ್ಗೆ ಆ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ.

ಮರುದಿನ ಬೆಳಿಗ್ಗೆ ಎಲ್ಲರೂ ಎರಡನೇ ನಂಬರಿನ ಮುಂದೆ ನಿಂತಿದ್ದರು. ಎಂದಿಗಿಂತ ಹೆಚ್ಚು ಭಕ್ತಿ. ಯಾರೋ ಯಂತ್ರಕ್ಕೆ ಹೂವು ಇಟ್ಟಿದ್ದರು. ಜಯಮ್ಮ ಸೆರಗು ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂರಲು ಬಂದಳು. ಇಕ್ಕಳ ಮೊಳೆಯಲ್ಲೇ ಇತ್ತು.

"ಇವತ್ತು ನಾನು ಕೂರ್ತೀನಿ, ನೀನು ನಿಂತ್ಕೋ" ಅಂದೆ. ಪ್ರಾರ್ಥನೆ ಮಾಡಿದೆ. ಎಲ್ಲರ ಹೆಸರೂ ಹೇಳಿದೆ. ಮೋಟಾರು ಹಾಕಿದರು. ತುಂಡು ಎತ್ತಿಕೊಂಡೆ, ಪಂಚಿನ ಕೆಳಗೆ ಇಡಬೇಕು. ನನ್ನ ಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು. ಮೊಳೆಯಿಂದ ಇಕ್ಕಳ ತೆಗೆದುಕೊಂಡಿತು.

ಜಯಮ್ಮ ಮೊದಲು ನಕ್ಕಳು. "ಏನಣ್ಣ! ನಮ್ಗೆ ಪ್ರಾರ್ಥ್ನೆ, ನಿಮ್ಗೆ ಇಕ್ಕಳಾನಾ?"

ಶೆಡ್ಡಿಗೆ ಶೆಡ್ಡೇ ನಕ್ಕಿತು. ನಾನೂ ಹಲ್ಲು ಬಿಡಲು ನೋಡಿದೆ, ಆಗಲಿಲ್ಲ. ಕಿವಿಯ ತುದಿಯವರೆಗೆ ಉರಿ. ಇಷ್ಟು ವರ್ಷ ಸರ್ವೇಶ್ವರರನ್ನು ನಾನು ಮೇಜಿನ ಆಚೆ ಬದಿಯಲ್ಲಿ ಕೂರಿಸಿ ರೇಟು ಕೇಳಿದ್ದೆ. ಆ ಗಳಿಗೆಯಲ್ಲಿ ಅವರು ನನ್ನ ಮಗ್ಗುಲಿಗೇ ಇದ್ದಾರೆ, ನನ್ನ ಕೈಯಲ್ಲಿರುವ ಇಕ್ಕಳವನ್ನು ನೋಡುತ್ತಿದ್ದಾರೆ ಎಂದು ಗೊತ್ತಾಯಿತು. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ನೀವು ಒಂದು ಕೆಲಸ ಮಾಡುವಾಗ ಹಿರಿಯರೊಬ್ಬರು ಸದ್ದಿಲ್ಲದೆ ಬಂದು ನಿಂತರೆ ಬೆನ್ನಿಗೆ ತಿಳಿಯುತ್ತದಲ್ಲ, ಅಷ್ಟೇ. ಹಿಂದೆ ಮೊಳೆಯನ್ನೂ ಬುಟ್ಟಿಯನ್ನೂ ನೋಡಿ ಭೇಷ್ ಅಂದಾಗಲೂ ಅವರು ಹೀಗೇ ನಿಂತಿದ್ದರು ಎಂದು ಆಗ ಹೊಳೆಯಿತು.

ಮೋಟಾರು ಆರಿಸಿ ಹೇಳಿದೆ: "ಇದಕ್ಕೆ ನನ್ನ ಪ್ರಾರ್ಥನೆ ಸಾಲದು. ಇದರ ಕ್ಲಚ್ಚು ಸವೆದಿದೆ. ನಂಗೆ ಮೊದಲಿಂದ ಗೊತ್ತಿತ್ತು."

ನಗು ನಿಂತಿತು. "ಗೊತ್ತಿತ್ತಾ?" ಎಂದಳು ಜಯಮ್ಮ. "ಮತ್ತೆ ನಿನ್ನೆ ಕಾಲಿಗೆ ಬಿದ್ದಾಗ ಸುಮ್ಕಿದ್ರಲ್ಲ."

ಶೆಟ್ಟರಿಗೆ ಸುದ್ದಿ ಹೋಗಿ ಕೂಗಾಡಿದರು. ಜನರಲ್ಲಿ ಭಯ ಹುಟ್ಟಿಸಿದ್ದೀಯ ಅಂದರು, ಜಾಲರಿಗೆ ಕಾಸು ಬಿಚ್ಚುವುದಿಲ್ಲ ಅಂದರು. "ನಾನೇ ಮಾಡಿಸಿ ಭಾನುವಾರ ಕೂರಿಸಿದರೆ?" ಎಂದೆ. "ನಿನ್ನ ದುಡ್ಡಾ? ಕೂರಿಸ್ಕೋ ಹೋಗು." ಅಲ್ಲಿಯವರೆಗೆ ಎರಡನೇ ನಂಬರಿನಲ್ಲಿ ನಾನೇ ಇಕ್ಕಳ ಹಿಡಿದು ಕೂತೆ. ಜಯಮ್ಮನನ್ನು ಬೇರೆ ಯಂತ್ರಕ್ಕೆ ಹಾಕಿದೆ. ಅವಳು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ದಸ್ತಗೀರ್ ಸಾಬರಿಗೆ ಸ್ಕೂಟರಿನ ಮೇಲೆ ಮೊದಲಿನಿಂದ ಕಣ್ಣು. ಅವರ ಶೆಡ್ಡಿಗೆ ಹೋಗಿ, ಜಾಲರಿ ಬಾಗಿಲು, ಕ್ಲಚ್ಚಿನ ರಿಪೇರಿ ಎರಡೂ ಮಾಡಿಕೊಡಿ, ನನ್ನ ಸರದಿ ತಗೊಳ್ಳಿ ಅಂದೆ. ಅವರು ವೆಲ್ಡಿಂಗ್ ಕನ್ನಡಕ ಮೇಲಕ್ಕೆತ್ತಿದರು.

"ಇನ್ನಾಸ್ ಭಾಯ್, ಜ್ವರ ಬಂದಿದ್ಯಾ? ಎರಡು ವರ್ಷದಿಂದ ಕೇಳ್ತಿದ್ದೀನಿ, ಮೂಗಿಗೆ ತುಪ್ಪ ಸವರ್ತಿದ್ರಿ. ಇವತ್ತು ಒಂದೇ ಮಾತಿಗೆ?"

"ಒಂದೇ ಮಾತು. ಭಾನುವಾರದೊಳಗೆ ಆಗ್ಬೇಕು."

"ಏನೋ ಮೋಸ ಇದೆ" ಎಂದು ಅವರು ತಲೆ ಆಡಿಸಿದರು. ಆದರೂ ಒಪ್ಪಿದರು.

ಭಾನುವಾರ ನಾನು ಚರ್ಚಿನ ಪೂಜೆಗೆ ಹೋಗದೆ ಶೆಡ್ಡಿಗೆ ಹೊರಟಾಗ ಹೆಂಡತಿ ತೆರೇಸಮ್ಮ ಬಾಗಿಲಿಗೆ ಅಡ್ಡ ನಿಂತಳು. "ಸ್ಕೂಟರೂ ಹೋಯ್ತು, ಈಗ ಪೂಜೇನೂ ಹೋಗ್ಲಿ. ಮಕ್ಕಳಿಗೆ ಏನಂತ ಹೇಳ್ಲಿ? ನಿಮ್ಮಪ್ಪ ಕಬ್ಬಿಣಕ್ಕೆ ಪೂಜೆ ಮಾಡೋಕೆ ಹೋದ್ರು ಅಂತ್ಲಾ?" ಎಂದಳು. ಕೇಳಿಸಿಕೊಂಡು ಹೋದೆ. ದಿನವಿಡೀ ಸಾಬರೂ ನಾನೂ ಗ್ರೀಸಿನಲ್ಲಿ ಬೆನ್ನೂರಿ ಮಲಗಿ ಯಂತ್ರದ ಹೊಟ್ಟೆ ಬಿಚ್ಚಿದೆವು. ನಡುಮಧ್ಯಾಹ್ನ ಸಾಬರು ಕೈಕಾಲು ತೊಳೆದು ಗೋಣಿ ಹಾಸಿಕೊಂಡು ನಮಾಜಿಗೆ ನಿಂತರು. ನಾನೊಬ್ಬನೇ ಕೆಳಗೆ ಉಳಿದೆ. ಬಾಯಿಗೆ ಅಭ್ಯಾಸಬಲದಿಂದ ಬಂತು: ಸ್ವಾಮಿ, ಇದೊಂದು ಸರಿಯಾಗಿ ಕೂತರೆ. ಅಲ್ಲಿಗೇ ನಿಂತಿತು. ಕೊಡಲು ಏನೂ ಇರಲಿಲ್ಲ, ಕೇಳಲು ಮುಖವಿರಲಿಲ್ಲ. ಹದಿಮೂರನೇ ನಂಬರಿನ ಸ್ಪ್ಯಾನರ್ ಹಿಡಿದುಕೊಂಡು ಸುಮ್ಮನೆ ಬಿದ್ದುಕೊಂಡಿದ್ದೆ. ಆ ಮೌನದಲ್ಲೂ ಸರ್ವೇಶ್ವರರಿದ್ದರು. ಬೈಯಲಿಲ್ಲ, ಮೈದಡವಲಿಲ್ಲ. ನಾನು ನಟ್ಟು ಬಿಗಿಮಾಡಿದೆ. ಸರಿಯಾಗಿ ಬಿಗಿಯಾಯಿತೇ ಎಂದು ಮತ್ತೊಮ್ಮೆ ನೋಡಿದೆ. ಯಾರೋ ನೋಡುತ್ತಿರುವಾಗ ಮನುಷ್ಯ ಹಾಗೆ ಮಾಡುತ್ತಾನೆ.

ಸೋಮವಾರ ಜಯಮ್ಮ ಮತ್ತೆ ಎರಡನೇ ನಂಬರಿಗೆ ಬಂದಳು. ಯಾರಾದರೂ ಹೊಗಳುತ್ತಾರೆ ಎಂದುಕೊಂಡಿದ್ದರೆ ಅದೂ ಆಗಲಿಲ್ಲ. ಬಾಗಿಲು ಮುಚ್ಚಿ ತೆರೆಯುವುದರಲ್ಲಿ ಕೆಲಸ ನಿಧಾನವಾಯಿತು. ಮೂರನೆಯ ದಿನ ನೋಡಿದರೆ ಜಯಮ್ಮ ಜಾಲರಿ ಬಾಗಿಲು ಮುಚ್ಚಿದಾಗ ಒತ್ತಿಕೊಳ್ಳುವ ಲಿವರನ್ನು ತಂತಿಯಿಂದ ಕಟ್ಟಿ, ಬಾಗಿಲು ತೆರೆದೇ ಪ್ರೆಸ್ ಓಡಿಸುತ್ತಿದ್ದಾಳೆ! ತಂತಿ ಬಿಚ್ಚಿ ರೇಗಿದೆ.

"ಬೆರಳು ಉಳ್ಕಂಡ್ರೆ ಒಟ್ಟೆ ತುಂಬ್ತೈತಾ? ಬುಟ್ಟಿ ಅರ್ಧ ಆಗೈತೆ. ನೀವು ಸ್ಕೂಟ್ರು ಕೊಟ್ರಿ, ನಾನು ಕೂಲಿ ಕೊಡ್ಬೇಕಾ?" ಎಂದಳು.

ಅವಳು ಹೇಳಿದ್ದು ಸರಿ. ಶೆಟ್ಟರ ಹತ್ತಿರ ಎರಡನೇ ನಂಬರಿಗೆ ಪೀಸಿನ ರೇಟು ಹೆಚ್ಚಿಸಿ ಎಂದು ಕೇಳಲು ಹೋದೆ. ಹೋಗುವಾಗ ನನ್ನ ಬಳಿ ಒಂದು ಒಳ್ಳೆಯ ಅಸ್ತ್ರವಿತ್ತು. ರೇಟು ಕೊಡದಿದ್ದರೆ ಬೆಳಗಿನ ಪ್ರಾರ್ಥನೆ ನಿಲ್ಲಿಸುತ್ತೇನೆ, ನಾಳೆಯಿಂದ ಜನ ಮತ್ತೆ ತಡವಾಗಿ ಬರುತ್ತಾರೆ ಎನ್ನಬಹುದಿತ್ತು. ಮಾತು ಹಲ್ಲಿನ ತುದಿಗೆ ಬಂದಿತ್ತು. ಛೇ, ಇನ್ನೂ ಇದೇ ವ್ಯಾಪಾರವೇ ಎನಿಸಿ ನುಂಗಿಕೊಂಡೆ. ಕೈಮುಗಿದು ನೇರವಾಗಿ ಕೇಳಿದೆ. ಕೇಳಿದ್ದರ ಅರ್ಧ ಕೊಟ್ಟರು.

"ಅರ್ಧಾನಾ?" ಎಂದಳು ಜಯಮ್ಮ. "ಸಂತೇಲಿ ಸೊಪ್ಪಿನೋಳ್ನ ಅಳಿಸೋ ಮನುಷ್ಯ ನೀವು, ಅರ್ಧಕ್ಕೆ ಬಂದ್ರಾ?" ಆದರೆ ಅಂದಿನಿಂದ ತಂತಿ ಕಟ್ಟಲಿಲ್ಲ.

ಪ್ರಾರ್ಥನೆಯನ್ನು ನಾನಾಗಿ ಬಿಟ್ಟಿದ್ದೆ, ನಿಲ್ಲಲು ಮುಖವಿರಲಿಲ್ಲ. ಕೆಲವು ದಿನಗಳಾದ ಮೇಲೆ ಅವಳೇ, "ನಮ್ ಎಸ್ರು ಏಳೋದು ಮರ್ತೋಯ್ತಾ?" ಎಂದಳು. ಮತ್ತೆ ಶುರುಮಾಡಿದೆ, ಬೇರೆ ರೀತಿಯಲ್ಲಿ. ಒಂದೇ ಕಡೆ ನಿಂತು ಕಣ್ಣುಮುಚ್ಚುವುದನ್ನು ಬಿಟ್ಟೆ. ಒಂದೊಂದು ಯಂತ್ರದ ಹತ್ತಿರ ಹೋಗುವುದು, ಖಾಲಿ ಡೈಯ ಮೇಲೆ ಒಮ್ಮೆ ಪೆಡಲ್ ಒತ್ತಿ ನೋಡುವುದು, ಇಕ್ಕಳ ಕೈಯಲ್ಲಿದೆಯೇ ನೋಡುವುದು, ಆಮೇಲೆ ಅವರ ಹೆಸರು ಹೇಳುವುದು. ಹೊತ್ತು ಹಿಡಿಯುತ್ತಿತ್ತು, ಶೆಟ್ಟರು ಗೊಣಗುತ್ತಿದ್ದರು. ನಿವೃತ್ತಿಯ ದಿನದವರೆಗೂ ಅದು ನಡೆಯಿತು. ದೇವರ ಇರುವು ನಿಮಗೆ ಹೇಗೆ ತಿಳಿಯುತ್ತದೆ ಎಂದು ನಮ್ಮ ಚರ್ಚಿನ ಹುಡುಗರು ಕೇಳುತ್ತಾರೆ. ಅವರು ಏನೋ ಸಿಹಿಯಾದ ಉತ್ತರ ಎದುರುನೋಡುತ್ತಾರೆ. ನನಗೆ ಹೆಚ್ಚಾಗಿ ನಾಚಿಕೆಯ ರೂಪದಲ್ಲೇ ತಿಳಿದಿದೆ. ಈಚೆಗೆ ಆ ನಾಚಿಕೆ ಬರದ ದಿನ ಸ್ವಲ್ಪ ಒಂಟಿ ಅನಿಸುತ್ತದೆ.

ಆ ಜಾಲರಿ ಯಾರ ಬೆರಳನ್ನಾದರೂ ಉಳಿಸಿತೇ? ಹೇಳಲಾರೆ. ಕ್ಲಚ್ಚು ಸರಿಯಾದ ಮೇಲೆ ಎರಡನೇ ನಂಬರು ಕೇಳದೆ ಇಳಿದದ್ದನ್ನು ನಾನು ಕಾಣಲಿಲ್ಲ. ಜಯಮ್ಮ ಇನ್ನೂ ಕೆಲವು ವರ್ಷ ದುಡಿದಳು. ಲಗ್ಗೆರೆಯ ಹೊಲ ಸೈಟುಗಳಾದಾಗ ಸಾಲಾಗಿ ಮನೆ ಕಟ್ಟಿ ಬಾಡಿಗೆಗೆ ಬಿಟ್ಟು ಕೆಲಸ ಬಿಟ್ಟಳು. ಹೋಗುವ ದಿನ ಎರಡೂ ಕೈಯ ಬೆರಳುಗಳನ್ನು ನನ್ನ ಮುಖದ ಮುಂದೆ ಅಗಲಿಸಿ ಹಿಡಿದು, "ಎಣಿಸ್ಕಳಿ ಅಣ್ಣ, ಅತ್ತೂ ಅವೆ" ಎಂದು ನಕ್ಕಳು. ನಾನು ಎಣಿಸಲಿಲ್ಲ, ತಲೆ ತಗ್ಗಿಸಿದೆ.

ಈಗ ಸೂಪರ್‌ವೈಸರ್ ಕೆಲಸಕ್ಕೆ ಸೇರುವವರಿಗೆ ನನ್ನ ಮಾತು. ಯಂತ್ರದ ದೋಷ ಗೊತ್ತಾದ ದಿನವೇ ಅದರ ಮೇಲೆ ಕೂರುವವರಿಗೆ ಬಾಯಿಬಿಟ್ಟು ಹೇಳಿ. ಮಾಲೀಕರಿಗೆ ಆಮೇಲೆ ಹೇಳಿದರೂ ಆಗುತ್ತದೆ. ಜಾಲರಿ ಹಾಕಿಸಿದರೆ ಕೂಲಿಯ ರೇಟನ್ನೂ ಅವತ್ತೇ ಮಾತಾಡಿ, ಇಲ್ಲದಿದ್ದರೆ ಮೂರನೆಯ ದಿನ ತಂತಿ ಕಟ್ಟುತ್ತಾರೆ. ಶೀಟಿಗೆ, ಲಾರಿಗೆ, ಗುಜರಿಗೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಬೇರೆಯವರ ಕೈಯನ್ನು ಪಣಕ್ಕಿಟ್ಟು ಮಾತ್ರ ಯಾರ ಜೊತೆಗೂ ಬೇಡ, ದೇವರ ಜೊತೆಗೂ ಬೇಡ. ಜನರನ್ನು ಯಾವ ಯಂತ್ರದ ಮೇಲೆ ಕೂರಿಸುತ್ತೀರೋ ಅದರ ಮೇಲೆ ಮೊದಲು ನೀವು ಒಂದು ಶಿಫ್ಟು ಕುಳಿತುಕೊಳ್ಳಿ. ನಿಮ್ಮ ಕೈ ತಾನಾಗಿ ಏನನ್ನು ಹುಡುಕುತ್ತದೆ ನೋಡಿ. ಅದನ್ನು ಅವರ ಕೈಗೆ ಕೊಟ್ಟು, ಆಮೇಲೆ ಪ್ರಾರ್ಥನೆಗೆ ನಿಲ್ಲಿ.